ನಗು ಯಾವ ಕುರ್ಚಿಯಲ್ಲಿ ಕೂರಬೇಕು?

ಪ್ರಶ್ನೆ: ಹಾಸನ ಮತ್ತು ಚಿಕ್ಕಮಗಳೂರಿನ ಕೆಲವು ಗೆಳೆಯರು ಸೇರಿ ಹದಿನೈದು ನಿಮಿಷಗಳ ಹಾಸ್ಯ ಕಿರುಚಿತ್ರವೊಂದನ್ನು ಮಾಡಲು ಹೊರಟಿದ್ದೇವೆ. ಹಾಸನದಲ್ಲಿ ಹೊಸದಾಗಿ ಕ್ಲಿನಿಕ್ ತೆರೆದ ಥೆರಪಿಸ್ಟ್ ಒಬ್ಬನ ಬಳಿಗೆ ಒಂದೇ ದಿನ ಮೂವರು ರೋಗಿಗಳು ಬರುತ್ತಾರೆ: ಒಬ್ಬ ಸದಾ ಕೈ ತೊಳೆಯುವವನು, ಇನ್ನೊಬ್ಬ ತಾನೇ ಮಹಾರಾಜನೆಂದು ನಂಬಿದವನು, ಮೂರನೆಯವನು ಬಾಯಿ ಮುಚ್ಚದೆ ಮಾತನಾಡುವವನು. ಕೊನೆಗೆ ಥೆರಪಿಸ್ಟ್‌ಗೇ ತಲೆ ಕೆಡುತ್ತದೆ. ಚಿತ್ರಕಥೆ ಓದಿದವರೆಲ್ಲ ನಕ್ಕರು. ಖಿನ್ನತೆಗೆ ಚಿಕಿತ್ಸೆ ಪಡೆಯುತ್ತಿರುವ ಗೆಳತಿಯೊಬ್ಬಳು ಮಾತ್ರ ನಗಲಿಲ್ಲ. ಇಂಥ ವಿಷಯದಲ್ಲಿ ಹಾಸ್ಯವನ್ನೇ ಕೈಬಿಡಬೇಕೆ? ಥೆರಪಿಯ ಕೋಣೆಯಲ್ಲಿ ನಿಜವಾಗಿ ಏನು ನಡೆಯುತ್ತದೆ? ಪರಿಚಿತ ಆಪ್ತಸಮಾಲೋಚಕರೊಬ್ಬರು ತಾವು ಕಂಡ ನಿಜವಾದ ಪ್ರಕರಣಗಳನ್ನು ಹೇಳಲು ಸಿದ್ಧರಿದ್ದಾರೆ, ಬಳಸಿಕೊಳ್ಳಬಹುದೆ?

ಉತ್ತರ: ಹಾಸ್ಯವನ್ನು ಕೈಬಿಡಬೇಕಾಗಿಲ್ಲ. ಮನಸ್ಸಿನ ಕಾಯಿಲೆಯ ಎದುರು ನಗುವೇ ಸಲ್ಲದು ಎನ್ನುವ ಗಾಂಭೀರ್ಯ ಕನ್ನಡಕ್ಕೆ ಹೊಂದುವಂಥದ್ದೂ ಅಲ್ಲ. 1942ರಲ್ಲಿ ‘ಕೊರವಂಜಿ’ ಎಂಬ ಹಾಸ್ಯಪತ್ರಿಕೆಯನ್ನು ಆರಂಭಿಸಿದ ‘ರಾಶಿ’ ಎಂ. ಶಿವರಾಂ ಅವರು ವೃತ್ತಿಯಿಂದ ವೈದ್ಯರು. ಮನಸ್ಸಿನ ವ್ಯಾಪಾರಗಳನ್ನು ಕುರಿತ ಅವರ ಕೃತಿಗೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ನಗಿಸುವ ಕೈಯೂ ನಾಡಿ ಹಿಡಿಯುವ ಕೈಯೂ ಒಂದೇ ಆಗಿರಲು ಸಾಧ್ಯವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ನಿಮ್ಮದೇ ಜಿಲ್ಲೆಯ ಗೊರೂರು ರಾಮಸ್ವಾಮಿ ಅಯ್ಯಂಗಾರರ ಬರಹವನ್ನು ಓದಿದವರಿಗೆ, ಊರಿನ ವಿಚಿತ್ರ ಮನುಷ್ಯರನ್ನು ಕಂಡು ನಗುತ್ತಲೇ ಅವರ ಪಕ್ಕದಲ್ಲಿ ಕುಳಿತಿರುವ ಆ ಧಾಟಿಯ ಪರಿಚಯವಿರುತ್ತದೆ. ನಿಮ್ಮ ಚಿತ್ರಕಥೆಯ ತೊಂದರೆ ನಗುವಿನದಲ್ಲ, ನಗು ಕುಳಿತಿರುವ ಜಾಗದ್ದು. ಮೂರೂ ಪ್ರಸಂಗಗಳಲ್ಲಿ ರೋಗಿಯ ಲಕ್ಷಣವೇ ಹಾಸ್ಯ; ಥೆರಪಿಸ್ಟ್ ಅದನ್ನು ಬೆರಗಾಗಿ ನೋಡುವ ಪ್ರೇಕ್ಷಕ. ಇದನ್ನು ತಿರುವುಹಾಕಿ. ಥೆರಪಿಯಲ್ಲಿ ನಿಜಕ್ಕೂ ನಗು ಬರಿಸುವಂಥದ್ದು ಚಿಕಿತ್ಸಕನ ನಿಯಮಗಳಲ್ಲಿದೆ, ಅದರಲ್ಲೂ ಆ ನಿಯಮಗಳನ್ನು ಹಾಸನದಂಥ ಊರಿನಲ್ಲಿ ಪಾಲಿಸಲು ಅವನು ಪಡುವ ಪಾಡಿನಲ್ಲಿದೆ.

ನಿಮ್ಮ ಗೆಳತಿ ಏಕೆ ನಗಲಿಲ್ಲ ಎಂಬುದನ್ನು ಅವರನ್ನೇ ಕೇಳಬೇಕು, ಅದೂ ಯಾವ ಪುಟದಲ್ಲಿ ಮನಸ್ಸು ಮುದುಡಿತು ಎಂದು ನಿಖರವಾಗಿ ಕೇಳಬೇಕು. ನನ್ನ ಊಹೆಯನ್ನು ಹೇಳುವುದಾದರೆ, ನಿಮ್ಮ ರೋಗಿಗಳಿಗೆ ಏನೂ ಬೇಕಾಗಿಲ್ಲ. ಅವರು ಬರುತ್ತಾರೆ, ತಮ್ಮ ಕಾಯಿಲೆಯನ್ನು ಪ್ರದರ್ಶಿಸುತ್ತಾರೆ, ಹೋಗುತ್ತಾರೆ. ಹಾಸ್ಯದ ಪಾತ್ರವೊಂದು ತನಗೆ ಬೇಕಾದುದರ ಬೆನ್ನು ಹತ್ತಿ ಎಡವಬೇಕು. ಬೇಕು ಎಂಬುದೇ ಇಲ್ಲದವನು ಎಡವಿದರೆ ಅದು ಬರಿಯ ಬೀಳುವಿಕೆ. ಚಿಕಿತ್ಸೆಗೆ ಬರುವ ಪ್ರತಿಯೊಬ್ಬರಿಗೂ ಬಹಳ ಗಟ್ಟಿಯಾದ ಬೇಡಿಕೆಯೊಂದಿರುತ್ತದೆ: ಒಂದು ಇಂಜೆಕ್ಷನ್ ಬೇಕು, ಗಂಡನಿಗೆ ಬುದ್ಧಿ ಹೇಳಿಸಬೇಕು, ನನ್ನದು ಬರೀ ಗ್ಯಾಸ್ಟ್ರಿಕ್ ಎಂದು ಬರೆದುಕೊಡಬೇಕು. ಥೆರಪಿಸ್ಟ್ ಕೊಡಲಾಗದ್ದು ಸರಿಯಾಗಿ ಇವೇ.

ಕೊಡಲಾಗದಿರುವುದಕ್ಕೆ ಕಾರಣವಿದೆ. ಅಮೆರಿಕದ ಮನೋವಿಜ್ಞಾನಿ ಕಾರ್ಲ್ ರೋಜರ್ಸ್ 1940ರ ದಶಕದಲ್ಲಿ ರೂಪಿಸಿದ ಪದ್ಧತಿಯಲ್ಲಿ ಸಮಾಲೋಚಕನು ಸಲಹೆ ಕೊಡುವುದಿಲ್ಲ. ಬಂದವರ ಮಾತನ್ನು ಗಮನವಿಟ್ಟು ಕೇಳಿ, ಅದರ ಭಾವವನ್ನು ಅವರಿಗೇ ಮರಳಿ ಕೇಳಿಸುತ್ತಾನೆ, ಅವರ ತೀರ್ಮಾನ ಅವರೊಳಗಿನಿಂದಲೇ ಮೂಡಲಿ ಎಂದು ಕಾಯುತ್ತಾನೆ. ಇದು ಕೆಲಸ ಮಾಡುವ ಪದ್ಧತಿ. ಆದರೆ ಹೊರಗಿನಿಂದ ನೋಡಿದರೆ ಎಷ್ಟು ಸುಲಭವಾಗಿ ಅಣಕಿಸಬಹುದಾದದ್ದು ಎಂಬುದನ್ನು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜೋಸೆಫ್ ವೈಜೆನ್‌ಬಾಮ್ 1966ರಲ್ಲಿಯೇ ತೋರಿಸಿದರು. ಬಳಕೆದಾರನ ವಾಕ್ಯವನ್ನೇ ಪ್ರಶ್ನೆಯಾಗಿ ತಿರುಗಿಸಿ ಹೇಳುವ ‘ಎಲಿಜಾ’ ಎಂಬ ಸಣ್ಣ ಕಂಪ್ಯೂಟರ್ ಪ್ರೋಗ್ರಾಂ ಅವರದು. ಅದಕ್ಕೆ ಏನೂ ಅರ್ಥವಾಗುತ್ತಿರಲಿಲ್ಲ. ಆದರೂ ಅವರ ಕಾರ್ಯದರ್ಶಿ ಅದರೊಂದಿಗೆ ಮಾತನಾಡುತ್ತ, ಸ್ವಲ್ಪ ಹೊರಗೆ ಹೋಗುತ್ತೀರಾ ಎಂದು ವೈಜೆನ್‌ಬಾಮ್ ಅವರನ್ನೇ ಕೇಳಿಕೊಂಡರು. ಈ ಪದ್ಧತಿಯನ್ನು ಪರೀಕ್ಷೆಗೆ ಓದಿಕೊಂಡು ಬಂದ ಯುವಕನೊಬ್ಬ ಅರಸೀಕೆರೆಯ ತೆಂಗಿನ ವ್ಯಾಪಾರಿಯ ಮುಂದೆ ಕುಳಿತರೆ ಸಂಭಾಷಣೆ ತಾನಾಗಿ ಹುಟ್ಟುತ್ತದೆ. “ಅದೆಲ್ಲ ಸರಿ ಸಾರ್, ಈಗ ನಾನು ಏನು ಮಾಡಲಿ ಹೇಳಿ.” “ಏನು ಮಾಡಬೇಕು ಅಂತ ನಿಮಗೆ ಅನ್ನಿಸುತ್ತದೆ?” “ನನಗೆ ಅನ್ನಿಸೋ ಹಾಗಿದ್ದಿದ್ದರೆ ನಿಮಗೆ ಯಾಕೆ ಐನೂರು ರೂಪಾಯಿ ಕೊಡುತ್ತಿದ್ದೆ?” ಇಲ್ಲಿ ವ್ಯಾಪಾರಿಯ ಮಾತಿನಲ್ಲಿ ತರ್ಕವಿದೆ, ಥೆರಪಿಸ್ಟ್‌ನ ಮೌನದಲ್ಲಿಯೂ ತರ್ಕವಿದೆ. ಇಬ್ಬರೂ ಸರಿಯಾಗಿರುವಾಗ ಹುಟ್ಟುವ ಹಾಸ್ಯ ಯಾರನ್ನೂ ಸಣ್ಣವರನ್ನಾಗಿ ಮಾಡುವುದಿಲ್ಲ, ಮತ್ತು ಅದನ್ನು ಎಷ್ಟು ಹೊತ್ತು ಬೇಕಾದರೂ ಎಳೆಯಬಹುದು.

ಇನ್ನೂ ಹೆಚ್ಚು ಫಲವತ್ತಾದದ್ದು ಗೌಪ್ಯತೆಯ ನಿಯಮ. ಕೋಣೆಯಲ್ಲಿ ಕೇಳಿದ್ದನ್ನು ಹೊರಗೆ ಹೇಳಬಾರದು ಎಂಬಷ್ಟಕ್ಕೇ ಅದು ನಿಲ್ಲುವುದಿಲ್ಲ. ಹೊರಗೆ ಎಲ್ಲಾದರೂ ಎದುರಾದಾಗ ಥೆರಪಿಸ್ಟ್ ತಾನಾಗಿ ಮಾತನಾಡಿಸದೆ, ರೋಗಿಯೇ ಗುರುತು ತೋರಿಸಲಿ ಎಂದು ಕಾಯುವುದು ಈ ವೃತ್ತಿಯ ರೂಢಿ. ಬೆಂಗಳೂರಿನಲ್ಲಿ ಇದನ್ನು ಪಾಲಿಸುವುದು ಕಷ್ಟವಲ್ಲ. ಮದುವೆಯ ಛತ್ರದಲ್ಲಿ ಅರ್ಧ ಊರು ಸಿಗುವ ಹಾಸನದಲ್ಲಿ ಇದು ಪೂರ್ಣಾವಧಿಯ ನಟನೆಯಾಗುತ್ತದೆ. ನಿಮ್ಮ ಮೂರೂ ಪಾತ್ರಗಳನ್ನು ಒಂದೇ ಊಟದ ಸಾಲಿನಲ್ಲಿ ಥೆರಪಿಸ್ಟ್‌ನ ಅಕ್ಕಪಕ್ಕ ಕೂರಿಸಿ ನೋಡಿ. ಮೂವರಿಗೂ ಅವನು ಗೊತ್ತು, ಅವನಿಗೆ ಮೂವರೂ ಗೊತ್ತು, ಉಳಿದವರಿಗೆ ಇದು ಗೊತ್ತಾಗಬಾರದು. ಮದುಮಗಳ ಅಪ್ಪ ಉತ್ಸಾಹದಿಂದ ಬಂದು, “ಇವರು ನಮ್ಮೂರಿಗೆ ಹೊಸದಾಗಿ ಬಂದ ಡಾಕ್ಟರು, ನಿಮಗೆ ಪರಿಚಯ ಇಲ್ಲ ಅನ್ನಿಸುತ್ತೆ” ಎಂದು ಒಬ್ಬೊಬ್ಬರಿಗೂ ಪರಿಚಯಿಸುತ್ತಾನೆ. ಮೂವರೂ ಮೊದಲ ಸಲ ಕಂಡವರಂತೆ ಕೈಮುಗಿಯುತ್ತಾರೆ. ಅಷ್ಟರಲ್ಲಿ ಅವರಲ್ಲೊಬ್ಬ ಅಭ್ಯಾಸಬಲದಿಂದ, “ಮುಂದಿನ ಮಂಗಳವಾರ ಬರೋಕಾಗಲ್ಲ ಸಾರ್” ಎಂದುಬಿಟ್ಟರೆ ಸಾಕು. ಛತ್ರ ಸಿಗದಿದ್ದರೆ, ವರ್ಷಕ್ಕೆ ಕೆಲವೇ ದಿನ ಬಾಗಿಲು ತೆರೆಯುವ ಹಾಸನಾಂಬೆಯ ದರ್ಶನದ ಸಾಲು ಇದೆ. ಗಂಟೆಗಟ್ಟಲೆ ಅಲ್ಲಾಡಲಾಗದ ಆ ಸಾಲಿನಲ್ಲಿ ಹಿಂದೆ ಮುಂದೆ ನಿಂತವರಿಗೆ ಪರಸ್ಪರ ಗುರುತಿಲ್ಲವೆಂದು ನಟಿಸುವುದು ಇನ್ನೂ ಯಾತನೆಯ ವಿಷಯ. ಆದರೆ ಅಲ್ಲಿ ಚಿತ್ರೀಕರಣ ನಿಮ್ಮಿಂದಾಗುವ ಕೆಲಸವಲ್ಲ, ಛತ್ರವೇ ವಾಸಿ.

ಕ್ಲಿನಿಕ್ ಎಲ್ಲಿದೆ ಎಂಬುದನ್ನೂ ಇದೇ ನಿಯಮ ತೀರ್ಮಾನಿಸಲಿ. ಬಿ.ಎಂ. ರಸ್ತೆಯ ಕಟ್ಟಡವೊಂದರಲ್ಲಿ ಕೆಳಗೆ ಹಲ್ಲಿನ ಡಾಕ್ಟರು, ಮೇಲೆ ನಿಮ್ಮ ಥೆರಪಿಸ್ಟ್. ಮೆಟ್ಟಿಲು ಒಂದೇ. ಹೀಗಾಗಿ ಮೇಲಕ್ಕೆ ಹೋಗುವವರೆಲ್ಲ ರಸ್ತೆಯಿಂದಲೇ ಕೆನ್ನೆ ಹಿಡಿದುಕೊಂಡು ಬರುತ್ತಾರೆ. ವಾರಗಳು ಕಳೆದಂತೆ ಊರಿನಲ್ಲಿ ಹಲ್ಲುನೋವು ಹರಡುತ್ತಿದೆ ಎಂಬ ಸುದ್ದಿ ಹಬ್ಬುತ್ತದೆ, ಹಲ್ಲಿನ ಡಾಕ್ಟರಿಗೆ ಮಾತ್ರ ಒಬ್ಬ ರೋಗಿಯೂ ಹೆಚ್ಚಾಗಿಲ್ಲ. ಇಲ್ಲಿ ನಾವು ನಗುವುದು ಕಾಯಿಲೆಯನ್ನು ಕಂಡಲ್ಲ, ಅದನ್ನು ಮುಚ್ಚಿಡಬೇಕಾಗಿ ಬಂದಿರುವ ಊರಿನ ಕಣ್ಣನ್ನು ಕಂಡು. ನಾಚಿಕೆಯ ಬಗ್ಗೆ ಭಾಷಣ ಮಾಡುವ ಹತ್ತು ಸಾಲುಗಳನ್ನು ಈ ಒಂದು ಮೆಟ್ಟಿಲು ಉಳಿಸುತ್ತದೆ.

ನಿಮ್ಮ ಕಥೆಯಲ್ಲಿ ಮೂವರೂ ಒಂಟಿಯಾಗಿ ಬರುವುದು ನನಗೆ ಅಷ್ಟಾಗಿ ಹಿಡಿಸಲಿಲ್ಲ. ಅದು ವಿದೇಶಿ ಚಿತ್ರಗಳಿಂದ ಬಂದ ರೂಢಿ. ನಮ್ಮಲ್ಲಿ ರೋಗಿ ಬರುವುದು ಪರಿವಾರ ಸಮೇತ, ಮತ್ತು ಇದು ಕೇವಲ ಹಳ್ಳಿಗರ ಅಭ್ಯಾಸವಲ್ಲ, ಭಾರತೀಯ ಮನೋವೈದ್ಯ ಶಾಸ್ತ್ರ ಒಪ್ಪಿಕೊಂಡ ಬಲ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ಆವರಣದಲ್ಲಿ ಡೇರೆಗಳನ್ನು ಹಾಕಿಸಿ ರೋಗಿಗಳ ಜೊತೆ ಮನೆಯವರನ್ನೂ ಉಳಿಸಿಕೊಂಡರು. ಕುಟುಂಬವನ್ನು ಚಿಕಿತ್ಸೆಯೊಳಕ್ಕೆ ತರುವ ಆ ಮಾದರಿಯನ್ನು ನಿಮ್ಹಾನ್ಸ್‌ನಂಥ ಸಂಸ್ಥೆಗಳು ಮುಂದೆ ಬೆಳೆಸಿದವು. ಹಾಗಾಗಿ ನಿಮ್ಮ ಥೆರಪಿಸ್ಟ್ ಎರಡೇ ಕುರ್ಚಿಗಳನ್ನು ಬಹಳ ಯೋಚಿಸಿ, ಒಂದಕ್ಕೊಂದು ಓರೆಯಾಗಿ ಜೋಡಿಸಿಟ್ಟಿರಲಿ. ಐದು ಜನ ಒಳಗೆ ಬರಲಿ. ಅತ್ತೆ, ಸೋದರಮಾವ, ಪಕ್ಕದ ಮನೆಯವರು ಎಲ್ಲರೂ ಉತ್ತರ ಕೊಡುತ್ತಾರೆ, ಯಾರಿಗಾಗಿ ಬಂದಿದ್ದಾರೋ ಆ ಹುಡುಗಿ ಮಾತ್ರ ಬಾಗಿಲ ಬಳಿ ನಿಂತಿದ್ದಾಳೆ. ಎಲ್ಲರನ್ನೂ ಹೊರಗೆ ಕಳುಹಿಸಿದ ಮೇಲೆ ಅವಳು ಹೇಳುವ ಮೊದಲ ವಾಕ್ಯ ಏನು ಎಂಬುದನ್ನು ನಿಮ್ಮ ಗೆಳತಿ ಬರೆದುಕೊಡಬಲ್ಲರು. ನಾನು ಊಹಿಸಿ ಬರೆಯುವುದಕ್ಕಿಂತ ಅದು ಚೆನ್ನಾಗಿರುತ್ತದೆ.

ಈಗ ನಿಮ್ಮ ಮೂವರನ್ನು ನೋಡೋಣ. ಕೈ ತೊಳೆಯುವವನನ್ನು ಉಳಿಸಿಕೊಳ್ಳಬಹುದು, ಆದರೆ ಗೀಳಿನ ಕಾಯಿಲೆ ಇರುವ ಬಹುತೇಕರಿಗೆ ತಮ್ಮ ಗೀಳು ಅತಿಯಾದದ್ದು ಎಂಬ ಅರಿವು ಇರುತ್ತದೆ, ಅದೇ ಅವರ ನೋವು. ಆತ ಮಂಕುತಿಮ್ಮನಂತೆ ನಲ್ಲಿಯ ಕೆಳಗೆ ನಿಂತರೆ ಅದು ಸುಳ್ಳು. ಈ ಕಾಯಿಲೆಗೆ ಬಳಸುವ ಚಿಕಿತ್ಸೆ, 1966ರಲ್ಲಿ ಲಂಡನ್ನಿನಲ್ಲಿ ವಿಕ್ಟರ್ ಮೇಯರ್ ಮೊದಲು ವರದಿ ಮಾಡಿದ್ದು, ಹೀಗಿದೆ: ರೋಗಿ ತಾನು ಹೆದರುವ ವಸ್ತುವನ್ನು ಹಂತಹಂತವಾಗಿ ಮುಟ್ಟಬೇಕು, ಮುಟ್ಟಿದ ಮೇಲೆ ತೊಳೆಯದೆ ಇರಬೇಕು, ಏರಿದ ಆತಂಕ ತಾನಾಗಿ ಇಳಿಯುತ್ತದೆ ಎಂಬುದನ್ನು ದೇಹವೇ ಕಲಿಯಬೇಕು. ಅನೇಕ ವೇಳೆ ಥೆರಪಿಸ್ಟ್ ತಾನೇ ಮೊದಲು ಮಾಡಿ ತೋರಿಸುತ್ತಾನೆ. ಈ ಒಂದು ವಿವರದಲ್ಲಿ ನಿಮ್ಮ ಇಡೀ ದೃಶ್ಯವಿದೆ. ಇಬ್ಬರೂ ಬಸ್‌ಸ್ಟ್ಯಾಂಡಿಗೆ ಹೋಗುತ್ತಾರೆ, ಥೆರಪಿಸ್ಟ್ ಅಲ್ಲಿನ ಶೌಚಾಲಯದ ಬಾಗಿಲಿನ ಹಿಡಿ ಮುಟ್ಟಿ, ಕೈ ತೊಳೆಯದೆ ಚುರುಮುರಿ ತಿನ್ನಬೇಕು. ರೋಗಿ ತದೇಕಚಿತ್ತದಿಂದ ನೋಡುತ್ತಿದ್ದಾನೆ. ಥೆರಪಿಸ್ಟ್‌ನ ಕೈ ಪೊಟ್ಟಣದ ಮೇಲೆಯೇ ನಿಂತುಬಿಟ್ಟಿದೆ. “ಆತಂಕ ಹತ್ತಕ್ಕೆ ಎಷ್ಟಿದೆ ಸಾರ್?” ಎಂದು ರೋಗಿಯೇ ಕೇಳಲಿ, ಏಕೆಂದರೆ ಪ್ರತಿವಾರ ಆ ಪ್ರಶ್ನೆಯನ್ನು ಕೇಳಿಸಿಕೊಂಡವನು ಅವನೇ. ಕೊನೆಗೆ ಇಬ್ಬರೂ ತಿನ್ನುತ್ತಾರೆ. ಚಿಕಿತ್ಸೆ ನಿಜ, ನಗು ನಿಜ, ಸೋಲು ಗೆಲುವು ಇಬ್ಬರದೂ.

ಮಹಾರಾಜನನ್ನು ತೆಗೆದುಹಾಕಿ. ಅದು ನಾಟಕ ಕಂಪನಿಯ ಹಳೆಯ ಸರಕು. ತೀವ್ರ ಮನೋರೋಗದಲ್ಲಿ ಬರುವ ಭ್ರಮೆಗಳು ಬಹಳ ಸಲ ಹೆದರಿಕೆಯವು: ಯಾರೋ ಹಿಂಬಾಲಿಸುತ್ತಿದ್ದಾರೆ, ಅನ್ನಕ್ಕೆ ವಿಷ ಹಾಕಿದ್ದಾರೆ, ನನ್ನ ಬಗ್ಗೆಯೇ ಮಾತನಾಡುತ್ತಿದ್ದಾರೆ. ಅದರ ಸಂಕಟವನ್ನು ಐದು ನಿಮಿಷದ ಹಾಸ್ಯಪ್ರಸಂಗದಲ್ಲಿ ಹಿಡಿಯುವ ಶಕ್ತಿ ನಮಗೆ ಯಾರಿಗೂ ಇಲ್ಲ.

ಮಾತುಗಾರನ ಬದಲು ಮಾತನಾಡದವನನ್ನು ತನ್ನಿ. ಚಿಕ್ಕಮಗಳೂರಿನ ಕಾಫಿ ಬೆಳೆಗಾರನೊಬ್ಬ, ಹೆಂಡತಿಯ ಒತ್ತಾಯಕ್ಕೆ ಬಂದವನು. ಅರೇಬಿಕಾ ಕೊಯ್ಲು ಮುಗಿಯಲಿ, ರೊಬಸ್ಟಾ ಮುಗಿಯಲಿ, ಹೂಮಳೆ ಆಗಲಿ ಎಂದು ತಿಂಗಳುಗಟ್ಟಲೆ ಮುಂದೂಡಿ ಬಂದಿದ್ದಾನೆ. ಕೇಳಿದ್ದಕ್ಕೆಲ್ಲ “ಪರವಾಗಿಲ್ಲ” ಎನ್ನುತ್ತಾನೆ; ಮಳೆ, ಆನೆ, ಆಳುಗಳ ಕೊರತೆ ಎಲ್ಲದಕ್ಕೂ ಅದೇ ಉತ್ತರ. ಥೆರಪಿಯ ಅವಧಿ ಸಾಮಾನ್ಯವಾಗಿ 45ರಿಂದ 50 ನಿಮಿಷ, ಮತ್ತು ಈ ವೃತ್ತಿಯಲ್ಲಿರುವವರೆಲ್ಲರೂ ಬಲ್ಲ ಒಂದು ಸಂಗತಿಯೆಂದರೆ, ಬಂದವರು ತಮ್ಮ ಅತಿ ಮುಖ್ಯವಾದ ಮಾತನ್ನು ಬಹಳ ಸಲ ಹೊರಡುವಾಗ, ಬಾಗಿಲಿನ ಹಿಡಿಯ ಮೇಲೆ ಕೈಯಿಟ್ಟು ಹೇಳುತ್ತಾರೆ. ನಲವತ್ತೆಂಟು ನಿಮಿಷ ಸುಮ್ಮನಿದ್ದು ಎದ್ದ ಬೆಳೆಗಾರ, “ಅಂದ ಹಾಗೆ, ಅಪ್ಪ ಹೋದಮೇಲೆ ನಾನು ತೋಟಕ್ಕೆ ಕಾಲಿಟ್ಟಿಲ್ಲ” ಎನ್ನುತ್ತಾನೆ. ಅಲ್ಲಿಯವರೆಗೆ ಪ್ರೇಕ್ಷಕ ನಕ್ಕಿರುತ್ತಾನೆ. ಹೊರಗೆ ಮುಂದಿನ ರೋಗಿ ಕೆನ್ನೆ ಹಿಡಿದುಕೊಂಡು ಕಾಯುತ್ತಿದ್ದಾನೆ, ಗಡಿಯಾರ ಮುಗಿಯಿತು ಎನ್ನುತ್ತಿದೆ, ಥೆರಪಿಸ್ಟ್ ಏನು ಮಾಡುತ್ತಾನೆ? ಸಮಯದ ಕಟ್ಟನ್ನು ಮುರಿಯುತ್ತಾನೋ ಪಾಲಿಸುತ್ತಾನೋ ಎಂಬುದನ್ನು ನೀವು ನಿರ್ಧರಿಸಬೇಕು. ಎರಡಕ್ಕೂ ವೃತ್ತಿಯಲ್ಲಿ ಸಮರ್ಥನೆ ಇದೆ.

ರೋಗಿ ತನ್ನನ್ನು ತಾನೇ ಕಂಡು ನಗುವುದಕ್ಕೆ ಯಾವ ಅಡ್ಡಿಯೂ ಇಲ್ಲ, ಅದು ಚಿಕಿತ್ಸೆಯೇ ಆಗಬಲ್ಲದು. ವಿಯೆನ್ನಾದ ಮನೋವೈದ್ಯ ವಿಕ್ಟರ್ ಫ್ರಾಂಕ್ಲ್ ಬಳಿಗೆ, ಜನರೆದುರು ಬೆವರುತ್ತೇನೆ ಎಂಬ ಭಯದಿಂದಲೇ ಬೆವರುತ್ತಿದ್ದ ಯುವ ವೈದ್ಯನೊಬ್ಬ ಬಂದಿದ್ದ. ಇನ್ನು ಮುಂದೆ ಎಷ್ಟು ಬೆವರಬಲ್ಲೆ ಎಂದು ಅವರಿಗೆ ಬೇಕೆಂದೇ ತೋರಿಸು ಎಂದು ಫ್ರಾಂಕ್ಲ್ ಹೇಳಿದರು, ಭಯ ಬಿಟ್ಟುಹೋಯಿತು. ಆದರೆ ಆ ನಗುವಿನ ಒಡೆತನ ರೋಗಿಯದು. ನಿಮ್ಮ ಚಿತ್ರದಲ್ಲಿ ರೋಗಿಗಳು ಥೆರಪಿಸ್ಟ್‌ಗಿಂತ ಚುರುಕಾಗಿರಲಿ, ಒಳ್ಳೆಯ ಸಾಲುಗಳೆಲ್ಲ ಅವರ ಬಾಯಲ್ಲಿರಲಿ.

ಕೊನೆಯಲ್ಲಿ ಥೆರಪಿಸ್ಟ್‌ಗೆ ತಲೆಕೆಡುವ ಉಪಾಯ ಬೇಡ. ಅದು ಸವಕಲಾದದ್ದು ಎಂಬುದು ಒಂದು ಕಾರಣ. ಮನೋರೋಗ ಜೊತೆಯಲ್ಲಿ ಕುಳಿತವರಿಗೆ ಅಂಟುತ್ತದೆ ಎಂಬ ಹಳೆಯ ನಂಬಿಕೆಯನ್ನು ಅದು ಸದ್ದಿಲ್ಲದೆ ಪೋಷಿಸುತ್ತದೆ ಎಂಬುದು ದೊಡ್ಡ ಕಾರಣ. ನಿಜದಲ್ಲಿ ಏನಾಗುತ್ತದೆ ಎಂದರೆ, ಹೊಸ ಥೆರಪಿಸ್ಟ್ ತನ್ನ ಗೊಂದಲಗಳನ್ನು ಹಿರಿಯರೊಬ್ಬರ ಬಳಿ ನಿಯಮಿತವಾಗಿ ಚರ್ಚಿಸುತ್ತಾನೆ, ಎಷ್ಟೋ ಜನ ತಾವೂ ಥೆರಪಿಗೆ ಹೋಗುತ್ತಾರೆ. ಹಾಗಾದರೆ ನಿಮ್ಮವನು ಬೆಂಗಳೂರಿಗೆ ಹೋಗಲಿ. ಕುಣಿಗಲ್ ಮಾರ್ಗ 2017ರಲ್ಲಿ ತೆರೆದ ಮೇಲೆ ಹಾಸನದಿಂದ ರೈಲಿನಲ್ಲಿ ಹೋಗಿ ಬರುವುದು ಸಲೀಸಾಗಿದೆ. ಎದುರಿನ ಸೀಟಿನಲ್ಲಿ ಅವನದೇ ತೆಂಗಿನ ವ್ಯಾಪಾರಿ ಕುಳಿತು, “ಎಲ್ಲಿಗೆ ಸಾರ್?” ಎಂದು ಕೇಳಲಿ. ಇವನು ಕೆನ್ನೆ ಹಿಡಿದುಕೊಂಡು, “ಹಲ್ಲುನೋವು” ಎನ್ನಲಿ.

ತಾಂತ್ರಿಕ ವಿವರಗಳಲ್ಲಿ ಕೆಲವು ಸುಳ್ಳುಗಳು ಬಹಳ ಬೇಗ ನುಸುಳುತ್ತವೆ. ಮಾತ್ರೆ ಬರೆಯುವವರು ಎಂಬಿಬಿಎಸ್ ನಂತರ ಮನೋವೈದ್ಯ ಶಾಸ್ತ್ರ ಓದಿದ ವೈದ್ಯರು. ಕ್ಲಿನಿಕಲ್ ಸೈಕಾಲಜಿಸ್ಟ್ ಆದವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರು, ಅವರು ಮಾತ್ರೆ ಬರೆಯುವುದಿಲ್ಲ. ನಿಮ್ಮ ನಾಯಕ ಯಾರು ಎಂದು ಮೊದಲೇ ತೀರ್ಮಾನಿಸಿ. ರೋಗಿಯನ್ನು ಸೋಫಾದ ಮೇಲೆ ಮಲಗಿಸಿ ತಾನು ತಲೆಯ ಹಿಂದೆ ಕೂರುವುದು ಫ್ರಾಯ್ಡ್‌ನ ಮನೋವಿಶ್ಲೇಷಣೆಯ ಕ್ರಮ, ನಮ್ಮ ಜಿಲ್ಲಾ ಕೇಂದ್ರದ ಕ್ಲಿನಿಕ್ಕಿನಲ್ಲಿ ಅದು ಕಾಣಸಿಗುವುದಿಲ್ಲ. ಖಿನ್ನತೆಯ ಮಾತ್ರೆ ಒಂದೇ ರಾತ್ರಿಯಲ್ಲಿ ಮುಖ ಅರಳಿಸುವುದಿಲ್ಲ, ಪರಿಣಾಮಕ್ಕೆ ಕೆಲವು ವಾರಗಳು ಬೇಕು. ಮಿದುಳಿಗೆ ಕರೆಂಟು ಕೊಡುವ ಚಿಕಿತ್ಸೆಯ ಹಾಸ್ಯವನ್ನಂತೂ ದಯವಿಟ್ಟು ಮುಟ್ಟಬೇಡಿ: ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧಿಗಳಿಲ್ಲದೆ ಆ ಚಿಕಿತ್ಸೆ ನೀಡುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಷೇಧಿಸಿದೆ, ಮತ್ತು ಸಿನಿಮಾದ ಆ ಕಿರುಚಾಟವನ್ನು ನೋಡಿ ಹೆದರಿ ಬೇಕಾದ ಚಿಕಿತ್ಸೆಯನ್ನು ನಿರಾಕರಿಸಿದ ಮನೆಯವರು ನನಗೆ ಗೊತ್ತು.

ಆಪ್ತಸಮಾಲೋಚಕರು ಕೊಡಲು ಬಂದಿರುವ ಪ್ರಕರಣಗಳನ್ನು ಸ್ವೀಕರಿಸಬೇಡಿ. ಅದೇ ಕಾಯ್ದೆಯ 23ನೆಯ ಸೆಕ್ಷನ್ ರೋಗಿಗೆ ಗೌಪ್ಯತೆಯ ಹಕ್ಕನ್ನು ಕೊಡುತ್ತದೆ. 24ನೆಯ ಸೆಕ್ಷನ್ ಪ್ರಕಾರ, ಚಿಕಿತ್ಸೆ ಪಡೆಯುತ್ತಿರುವವರ ಚಿತ್ರವನ್ನಾಗಲಿ ಮಾಹಿತಿಯನ್ನಾಗಲಿ ಅವರ ಒಪ್ಪಿಗೆಯಿಲ್ಲದೆ ಮಾಧ್ಯಮಕ್ಕೆ ಬಿಟ್ಟುಕೊಡುವಂತಿಲ್ಲ. ಹೆಸರು ಬದಲಾಯಿಸಿದರೆ ಸಾಲದೆ ಎಂದು ನೀವು ಕೇಳಬಹುದು. ಸಕಲೇಶಪುರದ ಕಡೆಯ, ಇಬ್ಬರು ಹೆಣ್ಣುಮಕ್ಕಳಿರುವ, ಕಳೆದ ವರ್ಷ ಜೀಪು ಮಾರಿದ ಬೆಳೆಗಾರ ಎಂದರೆ ನಮ್ಮ ಕಡೆ ಹೆಸರು ಹೇಳಬೇಕಾದ ಅಗತ್ಯವೇ ಇರುವುದಿಲ್ಲ. ‘ಪಾತ್ರಗಳೆಲ್ಲ ಕಾಲ್ಪನಿಕ’ ಎಂಬ ಫಲಕ ಆ ಮನುಷ್ಯನನ್ನು ಅವನ ನೆಂಟರಿಂದ ಕಾಪಾಡಲಾರದು. ಕೇಳದೆಯೇ ಇಂಥವನ್ನು ಹೇಳಲು ಮುಂದಾಗುವವರ ಬಳಿ ನಿಮ್ಮವರನ್ನು ಯಾರನ್ನಾದರೂ ಕಳುಹಿಸುವಾಗಲೂ ಯೋಚಿಸಿ. ಅವರಿಂದ ಬೇರೊಂದು ಉಪಕಾರವನ್ನು ಪಡೆಯಬಹುದು: ಪ್ರಕರಣಗಳನ್ನು ಬಿಟ್ಟು ತಮ್ಮ ಬಗ್ಗೆಯೇ ಹೇಳಲಿ. ಆಕಳಿಕೆಯನ್ನು ಹೇಗೆ ನುಂಗುತ್ತಾರೆ, ಗಡಿಯಾರವನ್ನು ರೋಗಿಯ ಬೆನ್ನ ಹಿಂದಿನ ಗೋಡೆಗೆ ಏಕೆ ಹಾಕಿದ್ದಾರೆ, ಬೆಳೆಗಾರರು ತಂದುಕೊಡುವ ಕಾಫಿಪುಡಿಯನ್ನು ಬೇಡವೆನ್ನಲಾಗದೆ ಏನು ಮಾಡುತ್ತಾರೆ. ಈ ಕೊನೆಯದು ಸಣ್ಣ ವಿಷಯವಲ್ಲ. ಉಡುಗೊರೆ ಪಡೆಯುವ ಬಗ್ಗೆ ವೃತ್ತಿನೀತಿ ಎಚ್ಚರಿಸುತ್ತದೆ, ಮನೆಯಿಂದ ತಂದದ್ದನ್ನು ತಿರಸ್ಕರಿಸಿದರೆ ಮಲೆನಾಡಿನವರು ಮರಳಿ ಬರುವುದಿಲ್ಲ.

ಚಿತ್ರೀಕರಣಕ್ಕೆ ನಿಜವಾದ ಆಸ್ಪತ್ರೆಯ ಹೊರರೋಗಿ ವಿಭಾಗವನ್ನು ಕೇಳಲು ಹೋಗಬೇಡಿ, ಹಿನ್ನೆಲೆಯಲ್ಲಿ ಯಾರ ಮುಖ ಬಿದ್ದರೂ ಮೇಲೆ ಹೇಳಿದ ತೊಡಕೇ ಎದುರಾಗುತ್ತದೆ. ಅಂಗಡಿಯ ಮೇಲಿನ ಒಂದು ಖಾಲಿ ಕೋಣೆ, ಎರಡು ಕುರ್ಚಿ, ಒಂದು ಗಡಿಯಾರ ಸಾಕು. ಚಿತ್ರದ ಕೊನೆಗೆ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಹಾಕಿ; 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಈ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ ಹಗಲು ರಾತ್ರಿ ತೆರೆದಿರುತ್ತದೆ, ಕನ್ನಡದಲ್ಲಿ ಮಾತನಾಡಬಹುದು. ಕೊನೆಯ ನಗುವಿನ ಮೇಲೆಯೇ ಅದನ್ನು ಅಂಟಿಸಬೇಡಿ, ಹಿಂದೆ ಕರುಣಾಜನಕ ವೀಣೆಯನ್ನೂ ನುಡಿಸಬೇಡಿ. ರೈಲಿನ ದೃಶ್ಯ ಪೂರ್ತಿ ಮುಗಿದ ನಂತರ, ಕಪ್ಪು ಪರದೆಯ ಮೇಲೆ, ಯಾರಾದರೂ ಫೋನ್ ತೆಗೆದು ಬರೆದುಕೊಳ್ಳುವಷ್ಟು ಹೊತ್ತು ಅದು ನಿಂತಿರಲಿ.